ಅಂಬಿಗನಿಗೆ ಮೂಟೆಯ ಗೊಡವೆ ಏಕೆ?

2013ರ ಜುಲೈ 14ರಂದು ದೇಶದ ತಂತಿ ಕಚೇರಿಗಳಲ್ಲಿ ಅಪರೂಪದ ಜನಸಂದಣಿ. ಮರುದಿನದಿಂದ ತಂತಿ ಸೇವೆ ಇರುವುದಿಲ್ಲವೆಂದು ಬಿಎಸ್‌ಎನ್‌ಎಲ್ ಸಾರಿತ್ತು. ಸಾವಿನ ಸುದ್ದಿಯನ್ನೂ ಕೆಲಸ ಸಿಕ್ಕ ಸುದ್ದಿಯನ್ನೂ ಒಂದೇ ಬಗೆಯ ಕಾಗದದಲ್ಲಿ ಮನೆಬಾಗಿಲಿಗೆ ತರುತ್ತಿದ್ದ, ಅಂಚೆಯವನ ಕೂಗು ಕೇಳಿದೊಡನೆ ಎದೆ ಢವಗುಟ್ಟಿಸುತ್ತಿದ್ದ ಆ ಸೇವೆಗೆ ವಿದಾಯ ಹೇಳಲು ಜನ ಸಾಲುಗಟ್ಟಿ ನಿಂತರು. ಅಂದು ರಾತ್ರಿ ಭಾರತದಲ್ಲಿ ತಂತಿ ನಿಂತುಹೋಯಿತು. ಆದರೆ ಅದನ್ನು ಆಳುತ್ತಿದ್ದ ಕಾನೂನು ನಿಲ್ಲಲಿಲ್ಲ. ಬ್ರಿಟಿಷರು 1885ರಲ್ಲಿ ಮಾಡಿದ ಭಾರತೀಯ ತಂತಿ ಕಾಯ್ದೆಯೇ ಅದಾದ ಮೇಲೂ ಹತ್ತು ವರ್ಷ ಮೊಬೈಲ್ ಫೋನನ್ನೂ ಅಂತರಜಾಲವನ್ನೂ ಆಳಿತು.

ಇದರಲ್ಲಿ ಆಶ್ಚರ್ಯಪಡುವಂಥದ್ದು ಹೆಚ್ಚೇನಿಲ್ಲ. ಉಪಕರಣ ಬದಲಾಗಿದ್ದರೂ ಪ್ರಶ್ನೆ ಬದಲಾಗಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ದಾರಿ ಮೂರನೆಯವನ ಕೈಯಲ್ಲಿದ್ದಾಗ, ಯಾರ ಮಾತು ಮೊದಲು ಹೋಗಬೇಕು, ಯಾರದು ಕಾಯಬೇಕು, ಯಾರದು ಹೋಗಲೇಬಾರದು ಎಂದು ತೀರ್ಮಾನಿಸುವ ಹಕ್ಕು ಆ ಮೂರನೆಯವನಿಗೆ ಉಂಟೆ? ಇಲ್ಲವೆಂದು ಹೇಳಿ ಅವನನ್ನು ತಡೆಯಬೇಕಾದದ್ದು ಸರ್ಕಾರವಾದರೆ, ಸರ್ಕಾರವನ್ನು ತಡೆಯುವವರು ಯಾರು? ಇಂದು 'ನೆಟ್ ನ್ಯೂಟ್ರಾಲಿಟಿ' ಅಥವಾ ಜಾಲ ತಾಟಸ್ಥ್ಯ ಎಂಬ ಹೆಸರಿನಲ್ಲಿ ನಡೆಯುತ್ತಿರುವ ವಾದವಿವಾದದ ಹಿಂದಿರುವುದು ಈ ಎರಡು ಪ್ರಶ್ನೆಗಳೇ.

ಹೊಳೆ ದಾಟಿಸುವವನ ಕರ್ತವ್ಯ

ಸೇತುವೆ ಇಲ್ಲದ ಒಂದು ಹೊಳೆಯನ್ನು ಊಹಿಸಿಕೊಳ್ಳಿ. ಇರುವುದು ಒಂದೇ ಕಡವು, ಒಂದೇ ದೋಣಿ. ದಾಟಿಸಿದ್ದಕ್ಕೆ ಅಂಬಿಗ ಕೂಲಿ ಕೇಳುವುದು ನ್ಯಾಯ. ಮೂಟೆ ಭಾರವಾಗಿದ್ದರೆ ನಾಲ್ಕು ಕಾಸು ಹೆಚ್ಚು ಕೇಳುವುದೂ ನ್ಯಾಯವೇ. ಆದರೆ ಅವನು ಮೂಟೆ ಬಿಚ್ಚಿಸಿ ನೋಡಿ, 'ಇದು ನನ್ನ ಭಾವಮೈದುನನ ಅಂಗಡಿಯ ಅಕ್ಕಿಯಲ್ಲ, ನೀನು ಸಂಜೆಯವರೆಗೆ ಕಾದಿರು' ಎಂದರೆ ಏನು ಮಾಡುವುದು? ಈಜಿ ದಾಟುವಂತಿಲ್ಲ, ಬೇರೆ ದೋಣಿ ಇಲ್ಲ. ಹೊಳೆ ದಾಟಿಸುವ ಅಧಿಕಾರ ಸಂತೆಯನ್ನೇ ಆಳುವ ಅಧಿಕಾರವಾಗಿಬಿಡುತ್ತದೆ.

ಇಂಗ್ಲೆಂಡಿನ ಸಾಂಪ್ರದಾಯಿಕ ಕಾನೂನು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ದೋಣಿ ನಡೆಸುವವರು, ಛತ್ರ ನಡೆಸುವವರು, ಸರಕು ಸಾಗಿಸುವವರು ಬಂದವರನ್ನೆಲ್ಲ ನ್ಯಾಯವಾದ ದರಕ್ಕೆ, ಭೇದವಿಲ್ಲದೆ ನಡೆಸಿಕೊಳ್ಳಬೇಕೆಂಬುದು ಅದರ ಕಟ್ಟಳೆ. 17ನೇ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬಂದರುಗಳನ್ನು ಕುರಿತು ಬರೆಯುತ್ತ, ಒಂದು ಬಂದರಿಗೆ ಒಂದೇ ಧಕ್ಕೆ ಇದ್ದರೆ ಅದರ ಒಡೆಯ ಮನಬಂದಂತೆ ಸುಂಕ ವಸೂಲು ಮಾಡುವಂತಿಲ್ಲ, ಆ ಸ್ವತ್ತಿನಲ್ಲಿ ಸಾರ್ವಜನಿಕರ ಹಿತವೂ ಸೇರಿಕೊಂಡಿದೆ ಎಂಬ ತತ್ತ್ವವನ್ನು ವಿವರಿಸಿದ. ಸ್ವತ್ತು ಖಾಸಗಿಯದಾದರೂ ದಾರಿ ಎಲ್ಲರದು ಎಂಬುದು ಇದರ ಸಾರ.

19ನೇ ಶತಮಾನದ ನಡುವೆ ತಂತಿ ಬಂದಾಗ ಇದೇ ತತ್ತ್ವ ಅದಕ್ಕೂ ಬಂದಿತು. ಅಮೆರಿಕದ ಪೂರ್ವವನ್ನು ಪೆಸಿಫಿಕ್ ಕರಾವಳಿಗೆ ಜೋಡಿಸುವ ತಂತಿಗೆ ಧನಸಹಾಯ ಕೊಡಲು ಆ ದೇಶದ ಸಂಸತ್ತು 1860ರ ಜೂನ್‌ನಲ್ಲಿ ಒಂದು ಕಾಯ್ದೆ ಮಾಡಿತು. ಹತ್ತು ವರ್ಷಗಳ ಕಾಲ ವರ್ಷಕ್ಕೆ 40,000 ಡಾಲರ್ ಮೀರದ ನೆರವು. ಅದಕ್ಕೆ ಪ್ರತಿಯಾಗಿ ಕೆಲವು ಷರತ್ತುಗಳು. ಯಾವ ವ್ಯಕ್ತಿಯಿಂದ, ಯಾವ ಕಂಪನಿಯಿಂದ ಬಂದ ಸಂದೇಶವೇ ಆಗಲಿ, ಬಂದ ಸರದಿಯಲ್ಲಿಯೇ ಪಕ್ಷಪಾತವಿಲ್ಲದೆ ಕಳುಹಿಸತಕ್ಕದ್ದು ಎಂಬುದು ಅವುಗಳಲ್ಲೊಂದು. ಜಾಲ ತಾಟಸ್ಥ್ಯದ ನಿಯಮವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಆದರೆ ವಾಕ್ಯ ಅಲ್ಲಿಗೆ ಮುಗಿಯಲಿಲ್ಲ. ಸರ್ಕಾರದ ಸಂದೇಶಗಳಿಗೆ ಮಾತ್ರ ಮೊದಲ ಸ್ಥಾನ ಎಂದು ಅದೇ ಉಸಿರಿನಲ್ಲಿ ಸೇರಿಸಲಾಗಿತ್ತು. ಕಂಪನಿಯ ಕೈ ಕಟ್ಟಿದ ಕಾನೂನು ಸರ್ಕಾರದ ಕೈಯನ್ನು ಬಿಡುವಾಗಿಯೇ ಇಟ್ಟುಕೊಂಡಿತು. ಮುಂದಿನ ಒಂದೂವರೆ ಶತಮಾನದ ಕತೆಯೆಲ್ಲ ಈ ಎರಡು ಮಾತುಗಳ ನಡುವೆಯೇ ನಡೆದಿದೆ.

ಶವಪೆಟ್ಟಿಗೆಯವನ ಸಿಟ್ಟು

ನಿಯಮ ಬರೆದ ಮಾತ್ರಕ್ಕೆ ನಡೆವಳಿಕೆ ಬದಲಾಗುವುದಿಲ್ಲ. ಅಮೆರಿಕದ ತಂತಿ ವ್ಯವಹಾರ ಕೆಲವೇ ವರ್ಷಗಳಲ್ಲಿ ವೆಸ್ಟರ್ನ್ ಯೂನಿಯನ್ ಎಂಬ ಒಂದೇ ಕಂಪನಿಯ ಹಿಡಿತಕ್ಕೆ ಬಂದಿತು. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿ ಸಂಸ್ಥೆಯೊಡನೆ ಅದು ವಿಶೇಷ ಒಪ್ಪಂದ ಮಾಡಿಕೊಂಡಿತು. 1876ರ ಅಧ್ಯಕ್ಷ ಚುನಾವಣೆಯಲ್ಲಿ ರುದರ್‌ಫೋರ್ಡ್ ಹೇಯ್ಸ್ ಮತ್ತು ಸ್ಯಾಮ್ಯುಯೆಲ್ ಟಿಲ್ಡನ್ ನಡುವೆ ಫಲಿತಾಂಶ ತಿಂಗಳುಗಟ್ಟಲೆ ತೂಗಾಡುತ್ತಿದ್ದಾಗ, ಟಿಲ್ಡನ್ ಕಡೆಯವರ ತಂತಿಗಳ ಗುಟ್ಟು ಹೇಯ್ಸ್ ಪಾಳಯಕ್ಕೆ ಸೋರುತ್ತಿದೆಯೆಂಬ ಆರೋಪ ಕೇಳಿಬಂತು. ಗೆದ್ದದ್ದು ಹೇಯ್ಸ್. ಗೆಲುವಿಗೆ ತಂತಿಯೇ ಕಾರಣವೆಂದು ಹೇಳಲಾಗದು. ಆದರೆ ತಂತಿಯ ಒಡೆಯನಿಗೆ ಚುನಾವಣೆಯಲ್ಲಿ ಒಲವು ಇದ್ದರೆ ಏನಾದೀತೆಂಬ ಭಯ ಅಂದೇ ಹುಟ್ಟಿತು.

ದೂರವಾಣಿಯ ಕಾಲದ ಕತೆ ಇನ್ನೂ ಸ್ವಾರಸ್ಯದ್ದು. ಕನ್ಸಾಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ವ್ಯವಸ್ಥೆ ಮಾಡುವ ಅಂಗಡಿ ಇಟ್ಟಿದ್ದ. ಆಗ ಕರೆ ಮಾಡಿದವರನ್ನು ಕೈಯಿಂದಲೇ ಜೋಡಿಸುವ ನಿರ್ವಾಹಕಿಯರು ವಿನಿಮಯ ಕೇಂದ್ರದಲ್ಲಿರುತ್ತಿದ್ದರು. ತನ್ನ ಅಂಗಡಿಯನ್ನು ಕೇಳಿ ಬರುವ ಕರೆಗಳನ್ನು ನಿರ್ವಾಹಕಿ ತನ್ನ ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾಳೆಂದು ಸ್ಟ್ರೌಜರ್ ನಂಬಿದ್ದನೆಂಬ ಕತೆ ಇಂದಿಗೂ ಪ್ರಚಲಿತ. ನಡುವೆ ಮನುಷ್ಯರೇ ಇಲ್ಲದ ಸ್ವಯಂಚಾಲಿತ ವಿನಿಮಯ ಯಂತ್ರಕ್ಕೆ ಅವನು 1891ರಲ್ಲಿ ಪೇಟೆಂಟ್ ಪಡೆದ. ಆ ಯಂತ್ರಕ್ಕೆ ಯಾರ ಮೇಲೂ ಪ್ರೀತಿಯಿಲ್ಲ, ದ್ವೇಷವಿಲ್ಲ; ತಿರುಗಿಸಿದ ಅಂಕಿಗೆ ತಕ್ಕ ಮನೆಯ ಗಂಟೆ ಬಾರಿಸುವುದಷ್ಟೇ ಅದಕ್ಕೆ ಗೊತ್ತು. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆ ಸ್ವಾತಂತ್ರ್ಯಾನಂತರ ದಶಕಗಳ ಕಾಲ ತಯಾರಿಸಿದ್ದು ಈ ಸ್ಟ್ರೌಜರ್ ಮಾದರಿಯ ಯಂತ್ರಗಳನ್ನೇ. ದೇಶದ ಅನೇಕ ಊರುಗಳ ಮಾತು ಅವುಗಳ ಮೂಲಕ ಹಾದುಹೋಯಿತು.

ಅಮೆರಿಕ 1910ರಲ್ಲಿ ತಂತಿ ಮತ್ತು ದೂರವಾಣಿ ಕಂಪನಿಗಳನ್ನು ಅಂಬಿಗನಂಥ ಸಾರ್ವಜನಿಕ ವಾಹಕಗಳೆಂದು ಕಾನೂನಿನಲ್ಲಿ ಕರೆಯಿತು. 1934ರಲ್ಲಿ ಅವುಗಳ ಮೇಲ್ವಿಚಾರಣೆಗೆ ಎಫ್‌ಸಿಸಿ ಎಂಬ ಆಯೋಗ ಹುಟ್ಟಿತು. ಆದರೂ ದೂರವಾಣಿ ಕಂಪನಿಯ ಬಿಗಿಮುಷ್ಟಿ ಸಡಿಲಲಿಲ್ಲ. ಮಾತು ಪಕ್ಕದವರಿಗೆ ಕೇಳದಂತೆ ರಿಸೀವರಿನ ಬಾಯಿಗೆ ಸಿಕ್ಕಿಸುವ ಒಂದು ಬಟ್ಟಲು 'ಹಶ್-ಎ-ಫೋನ್'. ಅದನ್ನು ಬಳಸುವುದೂ ಕಂಪನಿಯ ನಿಯಮಕ್ಕೆ ವಿರುದ್ಧವಾಗಿತ್ತು. ಆಯೋಗ ಕಂಪನಿಯ ಪರ ನಿಂತಿತು. 1956ರಲ್ಲಿ ನ್ಯಾಯಾಲಯ ಬಟ್ಟಲಿನ ಪರ ತೀರ್ಪಿತ್ತಿತು. 1968ರಲ್ಲಿ 'ಕಾರ್ಟರ್‌ಫೋನ್' ಪ್ರಕರಣದಲ್ಲಿ ಆಯೋಗವೇ ಮನಸ್ಸು ಬದಲಿಸಿ, ಜಾಲಕ್ಕೆ ಹಾನಿ ಮಾಡದ ಯಾವ ಉಪಕರಣವನ್ನಾದರೂ ಗ್ರಾಹಕ ಜೋಡಿಸಬಹುದೆಂದಿತು. ಕಂಪ್ಯೂಟರನ್ನು ದೂರವಾಣಿಗೆ ಕೂಡಿಸುವ ಮೋಡೆಮ್ ಮುಂದೆ ಮನೆ ಮನೆ ಹೊಕ್ಕದ್ದು ಇದೇ ಬಾಗಿಲಿನಿಂದ. ಅಂತರಜಾಲ ಸಾಮಾನ್ಯರಿಗೆ ದಕ್ಕಿದ್ದರ ಹಿಂದೆ ಇಂಜಿನಿಯರುಗಳ ಜಾಣ್ಮೆಯಷ್ಟೇ ಅಲ್ಲ, ಇಂಥ ತೀರ್ಪುಗಳೂ ಇವೆ.

ಲಕೋಟೆ ಒಡೆಯುವ ಯಂತ್ರ

ಅಂತರಜಾಲದ ಮೂಲ ವಿನ್ಯಾಸ ಸ್ಟ್ರೌಜರನ ಯಂತ್ರದಂತೆಯೇ ನಿರ್ಲಿಪ್ತವಾದದ್ದು. ಕಾಗದವಾಗಲಿ, ಚಿತ್ರವಾಗಲಿ, ಹಾಡಾಗಲಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಹೊರಡುತ್ತದೆ. ಪ್ರತಿಯೊಂದರ ಮೇಲೂ ವಿಳಾಸ. ದಾರಿಯುದ್ದಕ್ಕೂ ಇರುವ ಯಂತ್ರಗಳು ವಿಳಾಸ ಓದಿ ಮುಂದಕ್ಕೆ ದಾಟಿಸುತ್ತವೆ, ಒಳಗೇನಿದೆಯೆಂದು ಕೇಳುವುದಿಲ್ಲ. ಕಾಲಕ್ರಮದಲ್ಲಿ ಯಂತ್ರಗಳು ಚುರುಕಾದವು. ಪೊಟ್ಟಣದ ಒಳಗೆ ಇಣುಕಿ, ಇದು ಚಲನಚಿತ್ರ, ಇದು ದೂರವಾಣಿ ಮಾತು ಎಂದು ಗುರುತಿಸಿ, ಒಂದನ್ನು ಓಡಿಸಿ ಇನ್ನೊಂದನ್ನು ತೆವಳಿಸುವುದು ಸಾಧ್ಯವಾಯಿತು. ಅಂಬಿಗನಿಗೆ ಮೂಟೆ ಬಿಚ್ಚುವ ಕೈ ಬಂದಿತು.

ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಒಂದು ಪ್ರಬಂಧ ಬರೆದು ನೆಟ್ ನ್ಯೂಟ್ರಾಲಿಟಿ ಎಂಬ ಹೆಸರನ್ನು ಚಲಾವಣೆಗೆ ತಂದರು. ಅವರ ಆತಂಕ ಬೇಗನೆ ನಿಜವಾಯಿತು. 2005ರಲ್ಲಿ ಮ್ಯಾಡಿಸನ್ ರಿವರ್ ಎಂಬ ಪುಟ್ಟ ದೂರವಾಣಿ ಕಂಪನಿ ಅಂತರಜಾಲದ ಮೂಲಕ ಅಗ್ಗವಾಗಿ ಮಾತಾಡಿಸುವ ಸೇವೆಯನ್ನು ತಡೆದು ಸಿಕ್ಕಿಬಿದ್ದು 15,000 ಡಾಲರ್ ತೆರಬೇಕಾಯಿತು. 2007ರಲ್ಲಿ ಕಾಮ್‌ಕ್ಯಾಸ್ಟ್ ಎಂಬ ದೊಡ್ಡ ಕಂಪನಿ ಬಿಟ್‌ಟೊರೆಂಟ್ ಮೂಲಕ ನಡೆಯುವ ಕಡತ ಹಂಚಿಕೆಗೆ ಗುಟ್ಟಾಗಿ ಅಡ್ಡಿಮಾಡುತ್ತಿದ್ದುದು ಬಯಲಾಯಿತು. ಅಸೋಸಿಯೇಟೆಡ್ ಪ್ರೆಸ್ ಅದನ್ನು ಪರೀಕ್ಷಿಸಲು ಕಳುಹಿಸಿ ನೋಡಿದ್ದು ಯಾವುದೋ ಕಳ್ಳಪ್ರತಿಯ ಸಿನಿಮಾ ಅಲ್ಲ, ಬೈಬಲ್!

ಕಂಪನಿಗಳ ವಾದವನ್ನೂ ಕೇಳಬೇಕು. ಕೋಟಿಗಟ್ಟಲೆ ಸುರಿದು ಕೇಬಲ್ ಹೂಳಿದವರು ನಾವು. ಅದರ ಮೇಲೆ ವ್ಯಾಪಾರ ಮಾಡಿ ಕೊಬ್ಬಿದವರು ಬೇರೆಯವರು. ದಾರಿ ಕಿಕ್ಕಿರಿದಾಗ ಶಸ್ತ್ರಚಿಕಿತ್ಸೆಯ ಸಂದೇಶವೂ ಸಿನಿಮಾವೂ ಒಂದೇ ಸಾಲಿನಲ್ಲಿ ನಿಲ್ಲಬೇಕೆ? ಸರ್ಕಾರ ಮೂಗು ತೂರಿಸಿದರೆ ಹಣ ಹೂಡುವವರಾರು? ಈ ಪ್ರಶ್ನೆಗಳು ಹುರುಳಿಲ್ಲದವಲ್ಲ. ಅಮೆರಿಕ ಇವುಗಳಿಗೆ ಇಂದಿಗೂ ಒಂದು ನಿಲುವಿನ ಉತ್ತರ ಕಂಡುಕೊಂಡಿಲ್ಲ. ಆಯೋಗ 2010ರಲ್ಲಿ ಮಾಡಿದ ನಿಯಮಗಳಲ್ಲಿ ಮುಖ್ಯವಾದವು 2014ರಲ್ಲಿ ನ್ಯಾಯಾಲಯದಲ್ಲಿ ಬಿದ್ದವು. 2015ರಲ್ಲಿ ಅಂತರಜಾಲ ಸೇವೆಯನ್ನು 1934ರ ಕಾಯ್ದೆಯಡಿ ಸಾರ್ವಜನಿಕ ವಾಹಕವೆಂದು ಸಾರಲಾಯಿತು. ಅಧ್ಯಕ್ಷರು ಬದಲಾದರು, 2017ರಲ್ಲಿ ಅದು ರದ್ದು. ಮತ್ತೆ ಬದಲಾದರು, 2024ರಲ್ಲಿ ಮರುಜೀವ. 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯವೊಂದು, ಹೀಗೆ ವರ್ಗೀಕರಿಸುವ ಅಧಿಕಾರವೇ ಆಯೋಗಕ್ಕಿಲ್ಲವೆಂದು ಅದನ್ನು ಹೊಡೆದುಹಾಕಿತು. ಈಗ ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳ ಕಾನೂನೇ ಅಲ್ಲಿ ಉಳಿದಿರುವ ಆಸರೆ.

ಪುಕ್ಕಟೆ ಎಂಬ ಬೇಲಿ

ಭಾರತದ ಸಾರ್ವಜನಿಕರಿಗೆ ಅಂತರಜಾಲ ಬಂದದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಮೂಲಕ. ಆಗ ಅಂಬಿಗನೂ ಸರ್ಕಾರವೇ, ಕಾವಲುಗಾರನೂ ಸರ್ಕಾರವೇ. ಅಂತರಜಾಲದ ಮೂಲಕ ದೂರವಾಣಿಯಂತೆ ಮಾತಾಡುವುದಕ್ಕೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್‌ನಲ್ಲಿ. 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಹುಟ್ಟಿತು. ಖಾಸಗಿ ಕಂಪನಿಗಳು ಬಂದವು. ಮೂಟೆ ಬಿಚ್ಚುವ ಪ್ರಶ್ನೆ ಎದುರಾದದ್ದು 2014ರ ಡಿಸೆಂಬರ್‌ನಲ್ಲಿ. ಅಂತರಜಾಲದ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ವಿಧಿಸುವುದಾಗಿ ಏರ್‌ಟೆಲ್ ಪ್ರಕಟಿಸಿತು. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಮುಂದಿನ ಮಾರ್ಚ್‌ನಲ್ಲಿ ಟ್ರಾಯ್ ಈ ವಿಷಯದ ಮೇಲೆ 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು.

ಸಾಮಾನ್ಯವಾಗಿ ಇಂಥ ಪತ್ರಗಳಿಗೆ ಉತ್ತರಿಸುವವರು ಕಂಪನಿಗಳ ವಕೀಲರು ಮಾತ್ರ. ಈ ಸಲ ಕೆಲವು ಸ್ವಯಂಸೇವಕರು ಪ್ರಶ್ನೆಗಳನ್ನು ಸುಲಭ ಭಾಷೆಗೆ ಇಳಿಸಿ, ಉತ್ತರ ಕಳುಹಿಸುವ ದಾರಿ ತೋರಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಟ್ರಾಯ್ ಕಚೇರಿಗೆ ಬಂದವು. ತನ್ನ ಗ್ರಾಹಕರಿಗೆ ಜಾಲದ ವೆಚ್ಚವಿಲ್ಲದಂತೆ ಮಾಡುವ ಏರ್‌ಟೆಲ್ ಯೋಜನೆಗೆ ಸೇರಲು ಹೊರಟಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, 2015ರ ಏಪ್ರಿಲ್‌ನಲ್ಲಿ ಹೊರಬಂದಿತು.

ನಿಜವಾದ ಕಠಿಣ ಪ್ರಶ್ನೆ ಬಂದದ್ದು ಫೇಸ್‌ಬುಕ್‌ನಿಂದ. ಆ ವರ್ಷದ ಫೆಬ್ರವರಿಯಲ್ಲಿ ಅದು ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಆರಂಭಿಸಿದ ಯೋಜನೆ, ಮುಂದೆ ಫ್ರೀ ಬೇಸಿಕ್ಸ್ ಎಂಬ ಹೆಸರು ಪಡೆಯಿತು. ಬಡವರಿಗೆ ಕೆಲವು ಆಯ್ದ ತಾಣಗಳು ಪುಕ್ಕಟೆ. ಉಳಿದ ಜಾಲಕ್ಕೆ ದುಡ್ಡು. ಏನೂ ಇಲ್ಲದವನಿಗೆ ಇಷ್ಟಾದರೂ ಸಿಗಲಿ ಎಂಬ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಲಾಭದ ಆಸೆಯಿಲ್ಲದ ವಿಕಿಪೀಡಿಯಾ ಕೂಡ ಇದೇ ಬಗೆಯ ಯೋಜನೆಯೊಂದನ್ನು 2012ರಿಂದ ಹಲವು ದೇಶಗಳಲ್ಲಿ ನಡೆಸುತ್ತಿತ್ತು. ಆದರೆ ಪುಕ್ಕಟೆ ಅಂಗಳಕ್ಕೆ ಯಾವ ತಾಣ ಸೇರಬೇಕೆಂಬ ಷರತ್ತು ವಿಧಿಸುವ ಅಧಿಕಾರ ಒಂದು ಕಂಪನಿಯ ಕೈಯಲ್ಲಿತ್ತು. ಹೊಸದಾಗಿ ಕಣ್ಣು ಬಿಡುತ್ತಿದ್ದ ಕೋಟ್ಯಂತರ ಬಳಕೆದಾರರಿಗೆ ಆ ಅಂಗಳವೇ ಅಂತರಜಾಲವೆನಿಸಿದರೆ, ಹೊರಗುಳಿದ ಸಣ್ಣ ವ್ಯಾಪಾರಿಯನ್ನೋ ಸಣ್ಣ ಭಾಷೆಯ ಪತ್ರಿಕೆಯನ್ನೋ ಹುಡುಕಿಕೊಂಡು ಬರುವವರಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳ ಅನೇಕ ಪ್ರಾಧ್ಯಾಪಕರು ಜಂಟಿ ಹೇಳಿಕೆ ನೀಡಿ ಯೋಜನೆಯನ್ನು ವಿರೋಧಿಸಿದರು. ಫೇಸ್‌ಬುಕ್ ತನ್ನ ಬಳಕೆದಾರರಿಂದ ಲಕ್ಷಗಟ್ಟಲೆ ಸಿದ್ಧ ಪತ್ರಗಳನ್ನು ಕಳುಹಿಸಿತು. ಅವು ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲವೆಂದು ಟ್ರಾಯ್ ಆಕ್ಷೇಪಿಸಿತು.

2016ರ ಫೆಬ್ರವರಿ 8ರಂದು ಟ್ರಾಯ್ ತನ್ನ ನಿಯಮ ಪ್ರಕಟಿಸಿತು. ತಾಣ ಯಾವುದೆಂಬುದರ ಮೇಲೆ ದರ ವ್ಯತ್ಯಾಸ ಮಾಡುವಂತಿಲ್ಲ. ಮಾಡಿದರೆ ದಿನಕ್ಕೆ 50,000 ರೂಪಾಯಿಯಂತೆ 50 ಲಕ್ಷದವರೆಗೆ ದಂಡ. ಮೂಟೆಯ ಭಾರಕ್ಕೆ ಕೂಲಿ ಇರಲಿ, ಒಳಗಿನ ಸರಕಿಗೆ ಬೇಡ ಎಂದಂತಾಯಿತು. ಯಾವ ತಾಣವನ್ನೂ ತಡೆಯಬಾರದು, ನಿಧಾನಗೊಳಿಸಬಾರದು, ಯಾವುದಕ್ಕೂ ವಿಶೇಷ ಆದ್ಯತೆ ಕೊಡಬಾರದು ಎಂಬ ವಿಶಾಲ ತತ್ತ್ವವನ್ನು 2018ರ ಜುಲೈನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಒಪ್ಪಿ ಪರವಾನಗಿಯ ಷರತ್ತುಗಳಿಗೆ ಸೇರಿಸಿತು. ತುರ್ತು ಸೇವೆ, ಕೆಲವು ವಿಶೇಷ ಸೇವೆಗಳಿಗೆ ವಿನಾಯಿತಿ ಇದೆ. ಜಗತ್ತಿನ ಅತ್ಯಂತ ಗಟ್ಟಿಯಾದ ನಿಯಮಗಳ ಸಾಲಿನಲ್ಲಿ ಇವನ್ನು ಎಣಿಸುತ್ತಾರೆ. ಬಡವರ ಪ್ರಶ್ನೆಗೂ ಬೇರೊಂದು ಉತ್ತರ ಸಿಕ್ಕಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲಿನ ಪೈಪೋಟಿಯಲ್ಲಿ ದರಗಳು ಕುಸಿದು, ಆಯ್ದ ತಾಣಗಳಲ್ಲ, ಇಡೀ ಜಾಲವೇ ಅಗ್ಗವಾಯಿತು.

ಎರಡನೆಯ ಪ್ರಶ್ನೆ

ಇಲ್ಲಿಗೆ ಕತೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ 1860ರ ಅಮೆರಿಕದ ವಾಕ್ಯಕ್ಕೆ ಎರಡನೆಯ ಭಾಗವಿದ್ದಂತೆ, 1885ರ ಭಾರತೀಯ ಕಾಯ್ದೆಗೂ ಐದನೆಯ ಕಲಮು ಇತ್ತು. ಸಾರ್ವಜನಿಕ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಸರ್ಕಾರ ತಂತಿಯನ್ನು ವಶಪಡಿಸಿಕೊಳ್ಳಬಹುದು, ಸಂದೇಶ ತಡೆಯಬಹುದು. ದೊರೆತನದ ಕಾಲದ ಈ ಕಲಮಿನ ಆಧಾರದ ಮೇಲೆಯೇ 2017ರಲ್ಲಿ ದೂರಸಂಪರ್ಕ ಸೇವೆಗಳ ತಾತ್ಕಾಲಿಕ ಸ್ಥಗಿತದ ನಿಯಮಗಳು ಬಂದವು. ಅದಕ್ಕೂ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮನ್ನು ಇದಕ್ಕೆ ಬಳಸಲಾಗುತ್ತಿತ್ತು. ಗಲಭೆಗೆ ಮಾತ್ರವಲ್ಲ, ರಾಜಸ್ಥಾನದಲ್ಲಿ ನೇಮಕಾತಿ ಪರೀಕ್ಷೆಯ ನಕಲು ತಡೆಯಲೂ ಜಾಲ ನಿಲ್ಲಿಸಿದ್ದುಂಟು. ಇದು ತಾರತಮ್ಯವಿಲ್ಲದ ಕ್ರಮವೇನೋ ಹೌದು: ಎಲ್ಲರ ಮೂಟೆಯೂ ದಡದಲ್ಲೇ.

ಜಮ್ಮು ಮತ್ತು ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಸಂಪರ್ಕ ಕಡಿದಾಗ ಈ ಅಧಿಕಾರದ ಪೂರ್ಣ ರೂಪ ಕಂಡಿತು. 2020ರ ಜನವರಿಯಲ್ಲಿ ಜಾಲವನ್ನು ಹಂತಹಂತವಾಗಿ ಮರಳಿ ಕೊಟ್ಟಾಗ ನಡೆದದ್ದು ಇನ್ನೂ ಗಮನಾರ್ಹ. ಸರ್ಕಾರ ಪಟ್ಟಿ ಮಾಡಿದ ಕೆಲವು ನೂರು ತಾಣಗಳನ್ನು ಮಾತ್ರ ನೋಡಬಹುದಿತ್ತು. ಅದೂ ಹಳೆಯ 2ಜಿ ವೇಗದಲ್ಲಿ. ಪಟ್ಟಿ ಮಾರ್ಚ್‌ನಲ್ಲಿ ಹೋಯಿತು, ಆದರೆ ಪ್ರದೇಶದುದ್ದಕ್ಕೂ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಆಯ್ದ ತಾಣಗಳು, ತಡೆದ ತಾಣಗಳು, ಬೇಕೆಂದೇ ನಿಧಾನಗೊಳಿಸಿದ ದಾರಿ: ಕಂಪನಿಗಳು ಮಾಡಬಾರದೆಂದು ನಿಷೇಧಿಸಿದ ಕೆಲಸಗಳೆಲ್ಲ ಇಲ್ಲಿ ಸರ್ಕಾರದ ಆಜ್ಞೆಯಿಂದ, ಕಾನೂನಿನ ಹೆಸರಿನಲ್ಲಿ ನಡೆದವು. ಹಿಂಸೆಯನ್ನೂ ಸುಳ್ಳುಸುದ್ದಿಯನ್ನೂ ತಡೆಯುವುದು ರಾಜ್ಯದ ಹೊಣೆ ಎಂಬ ವಾದಕ್ಕೆ ತೂಕವಿದೆ. ಆದರೆ ವದಂತಿ ಹಬ್ಬಿಸುವವನ ಜೊತೆಗೆ ಆಂಬುಲೆನ್ಸ್ ಹುಡುಕುವವನೂ, ಪಾಠ ಕೇಳುವ ಮಗುವೂ, ಸೇಬು ಮಾರುವವನೂ ಕತ್ತಲಲ್ಲಿ ಕೂರುತ್ತಾರೆ.

ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಒಂದು ಗೆರೆ ಎಳೆಯಿತು. ಅಂತರಜಾಲದ ಮೂಲಕ ಮಾತಾಡುವ ಹಾಗೂ ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆಯಿದೆ, ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು, ಆಜ್ಞೆಗಳನ್ನು ಪ್ರಕಟಿಸಬೇಕು. ಆ ವರ್ಷದ ಕೊನೆಗೆ ಒಂದು ಆಜ್ಞೆಗೆ 15 ದಿನಗಳ ಮಿತಿ ಬಂದಿತು. ಆದರೂ 2021ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಹುಡುಕಿದಾಗ, ದೇಶದಲ್ಲಿ ಎಷ್ಟು ಸಲ ಜಾಲ ನಿಂತಿದೆಯೆಂಬ ಲೆಕ್ಕವನ್ನು ಗೃಹ ಇಲಾಖೆಯಾಗಲಿ ದೂರಸಂಪರ್ಕ ಇಲಾಖೆಯಾಗಲಿ ಇಟ್ಟಿಲ್ಲವೆಂದು ತಿಳಿಯಿತು. 1885ರ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿದೆ, 2024ರಲ್ಲಿ ಸ್ಥಗಿತದ ಹೊಸ ನಿಯಮಗಳೂ ಬಂದಿವೆ. ಹಳೆಯ ಅಧಿಕಾರ ಹೊಸ ಕಾಯ್ದೆಯಲ್ಲಿಯೂ ಕುಳಿತಿದೆ.

ಎರಡು ಪ್ರಸಂಗಗಳ ನಡುವಿನ ವ್ಯತ್ಯಾಸ ಯೋಚಿಸತಕ್ಕದ್ದು. ಕಂಪನಿಗಳ ವಿಷಯದಲ್ಲಿ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಲಾಯಿತು, ಲಕ್ಷಾಂತರ ಜನ ಬಹಿರಂಗವಾಗಿ ಉತ್ತರಿಸಿದರು, ಕಾರಣ ಕೊಟ್ಟು ತೀರ್ಪು ಹೊರಬಂತು. ಅದನ್ನು ಒಪ್ಪದವರೂ ಓದಿ ವಾದಿಸಬಹುದು. ಸ್ಥಗಿತದ ವಿಷಯದಲ್ಲಿ ಆಜ್ಞೆಯ ಪ್ರತಿ ಸಿಗುವುದೇ ಅನೇಕ ವೇಳೆ ಕಷ್ಟ. ಪ್ರವಾಹ ಬಂದಾಗ ದೋಣಿ ಕಟ್ಟಿಹಾಕುವುದು ತಪ್ಪಲ್ಲ. ಯಾರ ಅಪ್ಪಣೆಯಿಂದ ಕಟ್ಟಿತು, ಏಕೆ ಕಟ್ಟಿತು, ಎಂದು ಬಿಚ್ಚುತ್ತಾರೆ ಎಂಬ ಚೀಟಿಯನ್ನು ಕಡವಿನ ಮರಕ್ಕೆ ಅಂಟಿಸಬೇಕು. ದಡದಲ್ಲಿ ಮೂಟೆ ಇಳಿಸಿ ಕಾಯುತ್ತಿರುವವನಿಗೆ ಅಷ್ಟು ತಿಳಿಯುವ ಹಕ್ಕಾದರೂ ಇದೆ.